ಮಕ್ಕಳ ವೈದ್ಯ ಯಾನುಷ್ ಕೊರ್ಚಾಕ್

ಪೋಲೆಂಡಿನ ವಾರ್ಸಾ ನಗರವು ರಷ್ಯದ ಚಕ್ರವರ್ತಿಗಳ ಆಳ್ವಿಕೆಯಲ್ಲಿದ್ದ ಕಾಲ. 1870ರ ದಶಕದ ಕೊನೆಯಲ್ಲಿ ಅಲ್ಲಿಯ ಅನುಕೂಲಸ್ಥ ಯಹೂದಿ ವಕೀಲರೊಬ್ಬರ ಮನೆಯಲ್ಲಿ ಹೆನ್ರಿಕ್ ಗೋಲ್ಡ್‌ಶ್ಮಿತ್ ಜನಿಸಿದರು. ಯಾನುಷ್ ಕೊರ್ಚಾಕ್ ಎಂಬುದು 1898ರಲ್ಲಿ ಸಾಹಿತ್ಯ ಸ್ಪರ್ಧೆಯೊಂದಕ್ಕಾಗಿ ಅವರು ಧರಿಸಿದ ಲೇಖನನಾಮ; ಲೋಕವು ಅವರನ್ನು ಆ ಹೆಸರಿನಿಂದಲೇ ಬಲ್ಲದು.

ಬಾಲ್ಯದಲ್ಲಿ ಅಂಗಳದ ಬಡಮಕ್ಕಳೊಡನೆ ಆಡಲು ಅವರಿಗೆ ಅಪ್ಪಣೆಯಿರಲಿಲ್ಲ. ಸಿರಿತನದ ಆ ಬಂಧನ ಬಹುಕಾಲ ಉಳಿಯಲಿಲ್ಲ. ತಂದೆ ಬುದ್ಧಿಭ್ರಮಣೆಗೊಳಗಾಗಿ 1896ರಲ್ಲಿ ತೀರಿಕೊಂಡರು. ವಿದ್ಯಾರ್ಥಿಯಾಗಿದ್ದ ಮಗನು ಮನೆಪಾಠ ಹೇಳಿ ಸಂಸಾರಕ್ಕೆ ಆಸರೆಯಾಗಬೇಕಾಯಿತು. 1905ರಲ್ಲಿ ವೈದ್ಯಪದವಿ ಪಡೆದು ಮಕ್ಕಳ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದ ಅವರು, 1912ರಲ್ಲಿ ಯಹೂದಿ ಅನಾಥಾಲಯವೊಂದರ ಹೊಣೆ ಹೊತ್ತರು. ಅಲ್ಲಿ ಮಕ್ಕಳದೇ ನ್ಯಾಯಾಲಯವಿತ್ತು. ಹುಡುಗನೊಬ್ಬನಿಗೆ ಹೊಡೆದ ತಪ್ಪಿಗಾಗಿ ಕೊರ್ಚಾಕರು ಅದರ ಮುಂದೆ ತಮ್ಮ ಮೇಲೆ ತಾವೇ ದೂರಿತ್ತರು. ವಿದ್ಯಾರ್ಥಿನಿಲಯಗಳನ್ನು ನಡೆಸುವವರು ಎರಡು ಬಾರಿ ಓದಬೇಕಾದ ಸಂಗತಿಯಿದು.

ಮಗುವಿಗೆ ಎಲ್ಲಿ ಅಪಾಯ ತಗುಲುವುದೋ ಎಂದು ಹೆದರುವ ಹಿರಿಯರು ಅದನ್ನು ಬದುಕಲೂ ಬಿಡುವುದಿಲ್ಲವೆಂಬುದು ಅವರ ಕೊರಗಾಗಿತ್ತು. ಹಾಗೆಂದವರು ರೋಗಿಷ್ಠ ಮಕ್ಕಳ ಹಾಸಿಗೆಯ ಬದಿಯಲ್ಲಿ ಸಾವನ್ನು ಕಂಡ ವೈದ್ಯರೆಂಬುದನ್ನು ಮರೆಯಲಾಗದು. 1923ರಲ್ಲಿ ಪ್ರಕಟವಾದ ಅವರ ಮಕ್ಕಳ ಕಾದಂಬರಿ ರಾಜ ಮಾಚುಶ್‌ನ ಕಥೆ ಈ ನಿಲುವಿನಿಂದಲೇ ಹುಟ್ಟಿತು. ತಂದೆಯನ್ನು ಕಳೆದುಕೊಂಡ ಬಾಲಕ ಪಟ್ಟವೇರುತ್ತಾನೆ; ವೇಷ ಮರೆಸಿಕೊಂಡು ರಣರಂಗಕ್ಕೆ ಹೋಗುತ್ತಾನೆ; ಮಕ್ಕಳ ಸಂಸತ್ತನ್ನು ಸ್ಥಾಪಿಸುತ್ತಾನೆ. ಮಕ್ಕಳು ಹಿರಿಯರ ಕೆಲಸಕ್ಕೆ ನಿಲ್ಲುತ್ತಾರೆ, ಹಿರಿಯರು ಶಾಲೆಗೆ ಹೋಗುತ್ತಾರೆ. ರಾಜ್ಯ ಅಸ್ತವ್ಯಸ್ತವಾಗುತ್ತದೆ. ಸೋತು ಸೆರೆಸಿಕ್ಕ ಮಾಚುಶ್‌ಗೆ ಮರಣದಂಡನೆಯಾಗಿ, ಕೊನೆಯ ಗಳಿಗೆಯಲ್ಲಿ ಅದು ನಿರ್ಜನ ದ್ವೀಪವಾಸಕ್ಕೆ ಇಳಿಯುತ್ತದೆ. ಎಳೆಯ ಓದುಗರಿಗೆಂದು ಸೋಲನ್ನು ಸಿಹಿಯಾಗಿಸುವ ಗೋಜಿಗೆ ಕೊರ್ಚಾಕರು ಹೋಗಲಿಲ್ಲ. ಪುಸ್ತಕದ ಮೊದಲಲ್ಲಿ ಅವರು ಇರಿಸಿದ್ದು ತಮ್ಮ ಬಾಲ್ಯದ ಭಾವಚಿತ್ರವನ್ನು.

1939ರಲ್ಲಿ ನಾಜಿ ಸೇನೆ ವಾರ್ಸಾವನ್ನು ಹಿಡಿಯಿತು. ಮರುವರ್ಷ ಅನಾಥಾಲಯವು ಯಹೂದಿಗಳನ್ನು ಕೂಡಿಹಾಕಿದ ಗೋಡೆಯೊಳಗಿನ ಕೇರಿಗೆ ಸಾಗಬೇಕಾಯಿತು. ಹಸಿವು, ಜ್ವರಗಳ ನಡುವೆ, 1942ರ ಜುಲೈ 18ರಂದು ಅಲ್ಲಿಯ ಮಕ್ಕಳು ರವೀಂದ್ರನಾಥ ಠಾಕೂರರ ‘ಡಾಕ್‌ಘರ್’ ನಾಟಕವನ್ನಾಡಿದರು. ವೈದ್ಯನ ಕಟ್ಟಪ್ಪಣೆಯಿಂದ ಕೋಣೆಯಲ್ಲೇ ಉಳಿದ ರೋಗಿ ಬಾಲಕ ಅಮಲ್, ರಾಜನ ಓಲೆಗಾಗಿ ಕಾಯುತ್ತಾನೆ. ಕೊನೆಗೆ ಬಂದ ರಾಜವೈದ್ಯನು ಬಾಗಿಲು ಕಿಟಕಿಗಳನ್ನೆಲ್ಲ ತೆರೆಸುತ್ತಾನೆ. ಸಾವನ್ನು ಅಂಜದೆ ಎದುರುಗೊಳ್ಳಲು ಮಕ್ಕಳನ್ನು ಅಣಿಗೊಳಿಸುವುದಕ್ಕಾಗಿಯೇ ಕೊರ್ಚಾಕರು ಈ ಕೃತಿಯನ್ನು ಆರಿಸಿದರೆಂದು ಹೇಳುತ್ತಾರೆ.

ನಾಲ್ಕೇ ದಿನಗಳಲ್ಲಿ ಗಡೀಪಾರು ಆರಂಭವಾಯಿತು. ತಪ್ಪಿಸಿಕೊಳ್ಳಲು ಮಿತ್ರರು ತೋರಿದ ದಾರಿಗಳನ್ನು ಅವರು ಹಿಂದೆಯೇ ನಿರಾಕರಿಸಿದ್ದರು. ಆಗಸ್ಟ್ ತಿಂಗಳ ಮೊದಲ ವಾರ, ಸುಮಾರು 200 ಮಕ್ಕಳು, ದೀರ್ಘಕಾಲದ ಸಹೋದ್ಯೋಗಿನಿ ಸ್ತೆಫಾನಿಯಾ ವಿಲ್ಚಿನ್ಸ್ಕಾ ಹಾಗೂ ಇತರ ಶಿಕ್ಷಕರೊಡನೆ ರೈಲಿನವರೆಗೆ ನಡೆದರು. ಆ ರೈಲು ಟ್ರೆಬ್ಲಿಂಕದ ಸಂಹಾರ ಶಿಬಿರಕ್ಕೆ ಹೋಯಿತು. ಅಲ್ಲಿಯ ಸ್ಮಾರಕದ ಸಾವಿರಾರು ಕಲ್ಲುಗಳಲ್ಲಿ ವ್ಯಕ್ತಿಯೊಬ್ಬರ ಹೆಸರು ಕೆತ್ತಿರುವುದು ಒಂದರಲ್ಲಿ ಮಾತ್ರ. ಅದು ಕೊರ್ಚಾಕರದು, ಹೆಸರಿನೊಡನೆ ಮಕ್ಕಳ ಉಲ್ಲೇಖವೂ ಇದೆ.