ರೋಲ್ಸ್ ರಾಯ್ಸ್‌ನಲ್ಲಿ ಕಸ ಎತ್ತಿಸಿದ ಮಹಾರಾಜನ ಕಥೆ ಗೊತ್ತು, ಆ ಕಾರು ಮಾಡಿದ ಬಡ ಹುಡುಗನ ಕಥೆ ಗೊತ್ತೇ?

ಈ ಫಾರ್ವರ್ಡ್ ನಿಮ್ಮ ಮೊಬೈಲ್‌ಗೂ ಬಂದೇ ಇರುತ್ತದೆ. ಆಲ್ವಾರ್ ಮಹಾರಾಜ ಜೈ ಸಿಂಗ್ ಸಾದಾ ಬಟ್ಟೆ ಹಾಕಿಕೊಂಡು ಲಂಡನ್ನಿನ ರೋಲ್ಸ್ ರಾಯ್ಸ್ ಶೋರೂಮಿಗೆ ಹೋದರಂತೆ. ಅಲ್ಲಿಯ ಸೇಲ್ಸ್‌ಮ್ಯಾನ್ ಇವರನ್ನು ಯಾರೋ ಬಡ ಭಾರತೀಯ ಎಂದುಕೊಂಡು ಹೊರಗೆ ಕಳಿಸಿದನಂತೆ. ಮಹಾರಾಜರು ರಾಜಪೋಷಾಕಿನಲ್ಲಿ ಮತ್ತೆ ಹೋಗಿ, ಇದ್ದ ಆರೂ ಕಾರುಗಳನ್ನು ಒಟ್ಟಿಗೆ ಕೊಂಡು, ಊರಿಗೆ ತಂದು ಕಸ ಎತ್ತಲು ಬಿಟ್ಟರಂತೆ. ಕೊನೆಗೆ ಕಂಪನಿಯೇ ಕ್ಷಮೆ ಕೇಳಿತಂತೆ. ಜೊತೆಗೆ ಒಂದು ಫೋಟೋ: ಹಳೇ ಕಾರಿನ ಮುಂದಿನ ಚಕ್ರಗಳ ಎದುರು ಎರಡು ಪೊರಕೆ ಕಟ್ಟಿದ್ದಾರೆ.

ಓದಿದಾಗ ನಮಗೆಲ್ಲ ಎದೆ ಉಬ್ಬುತ್ತದೆ, ಅದಕ್ಕೇ ಇದು ಇಷ್ಟು ಓಡುತ್ತದೆ. ಆದರೆ ಸ್ವಲ್ಪ ನಿಂತು ನೋಡಿ. ಇದೇ ಕಥೆಯನ್ನು ಕೆಲವರು ಹೈದರಾಬಾದ್ ನಿಜಾಮರ ಹೆಸರಿನಲ್ಲಿ, ಕೆಲವರು ಭರತ್‌ಪುರದ ಅಥವಾ ಪಟಿಯಾಲದ ಮಹಾರಾಜರ ಹೆಸರಿನಲ್ಲಿ ಹೇಳುತ್ತಾರೆ. ಒಂದೇ ಘಟನೆ ನಾಲ್ಕು ಜನರಿಗೆ ನಡೆಯುವುದಿಲ್ಲ. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಆ ಕಾಲದಲ್ಲಿ ರೋಲ್ಸ್ ರಾಯ್ಸ್ ಕಂಪನಿ ಪೂರ್ತಿ ಕಾರು ಮಾಡುತ್ತಲೇ ಇರಲಿಲ್ಲ. ಎಂಜಿನ್ ಮತ್ತು ಚಾಸಿಸ್ ಮಾತ್ರ ಮಾಡುತ್ತಿತ್ತು. ಮೇಲಿನ ಬಾಡಿಯನ್ನು ಗಿರಾಕಿ ತನ್ನ ಇಷ್ಟದಂತೆ ಬೇರೆ ಕೋಚ್‌ಬಿಲ್ಡರ್ ಹತ್ತಿರ ಕಟ್ಟಿಸಿಕೊಳ್ಳಬೇಕಿತ್ತು, ಅದಕ್ಕೆ ತಿಂಗಳುಗಳೇ ಹಿಡಿಯುತ್ತಿದ್ದವು. ಅಂಗಡಿಯಿಂದ ಆರು ಸೋಪು ಎತ್ತಿಕೊಂಡು ಬಂದ ಹಾಗೆ ಆರು ಕಾರು ತರುವ ಪದ್ಧತಿ ಆಗ ಇರಲಿಲ್ಲ. ಇನ್ನು ಪೊರಕೆ. ಅದು ಸರಿಯಾಗಿ ಟೈರಿನ ಅಗಲಕ್ಕಷ್ಟೇ ಇದೆ. ಬೀದಿ ಗುಡಿಸುವುದಕ್ಕಲ್ಲ, ರಸ್ತೆಯ ಮೊಳೆ, ಚೂಪುಕಲ್ಲುಗಳನ್ನು ಬದಿಗೆ ತಳ್ಳಿ ಟೈರ್ ಉಳಿಸುವುದಕ್ಕೆ ಅಂಥ ಪೊರಕೆ ಕಟ್ಟುತ್ತಿದ್ದರು.

ಮಹಾರಾಜರು ರೋಲ್ಸ್ ರಾಯ್ಸ್ ಕೊಂಡಿದ್ದು ಮಾತ್ರ ನಿಜ. ನಮ್ಮ ಮೈಸೂರು ಅರಮನೆಯಲ್ಲೂ ಇದ್ದವು. ಕಸ ಎತ್ತಿದ್ದಕ್ಕೆ ಪುರಾವೆ ಇಲ್ಲ.

ನನಗೆ ಇದರಲ್ಲಿ ಬೇಸರ ತರುವ ಸಂಗತಿ ಬೇರೆ. ಬಡವನಂತೆ ಕಂಡವನನ್ನು ರೋಲ್ಸ್ ರಾಯ್ಸ್‌ನವರು ಅವಮಾನಿಸಿದರು ಎನ್ನುವ ಕಥೆ ಕೋಟ್ಯಂತರ ಜನರಿಗೆ ಗೊತ್ತು. ಆ ಹೆಸರಿನ ಅರ್ಧ ಭಾಗ, ಅಂದರೆ ರಾಯ್ಸ್, ಹೊಟ್ಟೆಗಿಲ್ಲದೆ ಬೆಳೆದ ಹುಡುಗನದು ಎಂಬುದು ಗೊತ್ತಿಲ್ಲ.

ಪೇಪರ್ ಹಾಕುತ್ತಿದ್ದ ಹುಡುಗ

ಫ್ರೆಡರಿಕ್ ಹೆನ್ರಿ ರಾಯ್ಸ್ ಹುಟ್ಟಿದ್ದು 1863ರ ಮಾರ್ಚ್ 27ರಂದು, ಇಂಗ್ಲೆಂಡಿನ ಪೀಟರ್‌ಬರೊ ಹತ್ತಿರದ ಆಲ್ವಾಲ್ಟನ್ ಎಂಬ ಹಳ್ಳಿಯಲ್ಲಿ. ಐದು ಮಕ್ಕಳಲ್ಲಿ ಕೊನೆಯವನು. ತಂದೆ ಜೇಮ್ಸ್ ಗುತ್ತಿಗೆಗೆ ಹಿಡಿದ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಗಿರಣಿ ಕೈಕೊಟ್ಟಿತು, ಕುಟುಂಬ ಲಂಡನ್ ಸೇರಿತು. 1872ರಲ್ಲಿ ತಂದೆ ಬಡವರ ಆಶ್ರಮದಲ್ಲಿ ತೀರಿಕೊಂಡ. ಆಗ ಹೆನ್ರಿಗೆ 9 ವರ್ಷ.

ಹುಡುಗ ರೈಲ್ವೆ ನಿಲ್ದಾಣಗಳ ಡಬ್ಲ್ಯು.ಎಚ್. ಸ್ಮಿತ್ ಅಂಗಡಿಗಾಗಿ ಪೇಪರ್ ಮಾರಿದ. ಆಮೇಲೆ ಮನೆ ಮನೆಗೆ ಟೆಲಿಗ್ರಾಂ ತಲುಪಿಸುವ ಕೆಲಸ. ಶಾಲೆಗೆ ಹೋಗಿದ್ದು ಎಲ್ಲ ಸೇರಿಸಿದರೆ ಒಂದು ವರ್ಷವೋ ಏನೋ. ಎಷ್ಟೋ ದಿನ ಒಂದಿಷ್ಟು ಬ್ರೆಡ್ಡು, ಹಾಲಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಕಿತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಇದೇ ಅವನ ದೇಹದ ಮೇಲೆ ಸಾಲ ವಸೂಲಿಗೆ ಬರುತ್ತದೆ.

1878ರಲ್ಲಿ ಒಬ್ಬ ಚಿಕ್ಕಮ್ಮ ಕೈ ಹಿಡಿದಳು. ವರ್ಷಕ್ಕೆ 20 ಪೌಂಡ್ ಕಟ್ಟಿ ಪೀಟರ್‌ಬರೊದ ಗ್ರೇಟ್ ನಾರ್ದರ್ನ್ ರೈಲ್ವೆ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಸೇರಿಸಿದಳು. ಉಳಿ, ಅರ, ಲೇತ್ ಮೇಲೆ ಕೈ ಕುಳಿತದ್ದು ಅಲ್ಲಿ. ಆದರೆ ಮೂರು ವರ್ಷಕ್ಕೆ ಚಿಕ್ಕಮ್ಮನ ಹಣವೂ ಮುಗಿಯಿತು, ಅಪ್ರೆಂಟಿಸ್‌ಶಿಪ್ ಅರ್ಧಕ್ಕೇ ನಿಂತಿತು. ಸರ್ಟಿಫಿಕೇಟ್ ಇಲ್ಲದ ಹುಡುಗ ಕೆಲಸ ಹುಡುಕುತ್ತಾ ಲೀಡ್ಸ್ ಊರಿಗೆ ಹೋಗಿ ಒಂದು ಉಪಕರಣ ತಯಾರಕರ ಹತ್ತಿರ ಸೇರಿಕೊಂಡ. ನಂತರ ಲಂಡನ್ನಿನಲ್ಲಿ ಆಗಷ್ಟೇ ಕಾಲಿಡುತ್ತಿದ್ದ ವಿದ್ಯುತ್ ದೀಪದ ಕಂಪನಿಯೊಂದರಲ್ಲಿ ಕೆಲಸ, ಸಂಜೆ ಹೊತ್ತು ತರಗತಿ. ಆ ಕಂಪನಿ ಅವನನ್ನು ಲಿವರ್‌ಪೂಲ್‌ಗೆ ಕಳಿಸಿತು. ಅಲ್ಲಿ ಬೀದಿ, ನಾಟಕಶಾಲೆಗಳಿಗೆ ದೀಪ ಹಾಕಿಸುವ ಕೆಲಸ.

1884ರಲ್ಲಿ, 21ನೇ ವಯಸ್ಸಿನಲ್ಲಿ, ಉಳಿತಾಯದ 20 ಪೌಂಡ್ ಹಾಕಿ ಮ್ಯಾಂಚೆಸ್ಟರ್‌ನ ಕುಕ್ ಸ್ಟ್ರೀಟ್‌ನಲ್ಲಿ ಸ್ವಂತ ವರ್ಕ್‌ಶಾಪ್ ತೆರೆದ. ಗೆಳೆಯ ಅರ್ನೆಸ್ಟ್ ಕ್ಲೇರ್‌ಮಾಂಟ್ 50 ಪೌಂಡ್ ಹಾಕಿದ. ಮೊದಲಿಗೆ ಮನೆಯ ಕರೆಗಂಟೆ, ದೀಪದ ಬಿಡಿಭಾಗಗಳು. ಆಮೇಲೆ ಡೈನಮೊ, ವಿದ್ಯುತ್ ಕ್ರೇನ್. ಅಂದಹಾಗೆ, ನಮ್ಮ ಮನೆಗಳಲ್ಲಿ ಒತ್ತಿ ತಿರುಗಿಸಿ ಹಾಕುವ ಎರಡು ಪಿನ್ನಿನ ಬಲ್ಬ್ ಇದೆಯಲ್ಲ, ಅದರ ಹೋಲ್ಡರ್ ಸುಧಾರಣೆಗೆ ರಾಯ್ಸ್ 1897ರಲ್ಲಿ ಪೇಟೆಂಟ್ ಪಡೆದಿದ್ದ. ಅದನ್ನು ಕಂಡುಹಿಡಿದವನೇ ಇವನು ಎಂದು ನಾಳೆ ಯಾರಾದರೂ ಫಾರ್ವರ್ಡ್ ಮಾಡಿದರೆ ನಂಬಬೇಡಿ, ಸುಧಾರಿಸಿದ್ದು ಮಾತ್ರ.

ಸದ್ದಿಲ್ಲದ ಕಾರು

ದುಡ್ಡು ಬಂತು, ಮದುವೆಯಾಯಿತು, ಮನೆ ಆಯಿತು. ಆದರೆ ಕೆಲಸ ಶುರುವಾದರೆ ಊಟದ ನೆನಪೇ ಇರುತ್ತಿರಲಿಲ್ಲ. ಹಾಲಿನ ಲೋಟ ಹಿಡಿದುಕೊಂಡು ಹುಡುಗರು ಅವನ ಹಿಂದೆ ಕಾರ್ಖಾನೆ ತುಂಬ ಓಡಾಡುತ್ತಿದ್ದರು ಎಂದು ಜೊತೆಗಿದ್ದವರು ಹೇಳಿಕೊಂಡಿದ್ದಾರೆ. 1902ರ ಹೊತ್ತಿಗೆ ದೇಹ ಸೋತಿತು. ಅದೇ ಸಮಯಕ್ಕೆ ಜರ್ಮನಿ, ಅಮೆರಿಕದ ಅಗ್ಗದ ಸಾಮಾನು ಬಂದು ಕ್ರೇನ್ ವ್ಯಾಪಾರವೂ ಇಳಿಯಿತು.

ಆಗ ಅವನು ಕೊಂಡಿದ್ದು ಡೆಕೊವಿಲ್ ಎಂಬ ಫ್ರೆಂಚ್ ಕಂಪನಿಯ ಸೆಕೆಂಡ್ ಹ್ಯಾಂಡ್ ಕಾರು. ಆ ಕಾಲಕ್ಕೆ ಅದು ಕೆಟ್ಟ ಕಾರೇನಲ್ಲ. ಆದರೆ ಅದರ ಸದ್ದು, ನಡುಕ, ಅಂದಾಜಿನಲ್ಲಿ ಜೋಡಿಸಿದ ಭಾಗಗಳು ರಾಯ್ಸ್‌ಗೆ ಸಹಿಸಲಾಗಲಿಲ್ಲ. ಪೂರ್ತಿ ಬಿಚ್ಚಿ ಹಾಕಿದ. ಸರಿಪಡಿಸುತ್ತಾ ಹೋದವನು ಕೊನೆಗೆ ಹೊಸದನ್ನೇ ಮಾಡಲು ಕುಳಿತ. 1904ರ ಏಪ್ರಿಲ್ 1ರಂದು ಮೊದಲ ರಾಯ್ಸ್ ಕಾರು ರಸ್ತೆಗಿಳಿಯಿತು: ಎರಡು ಸಿಲಿಂಡರ್, 10 ಅಶ್ವಶಕ್ತಿ. ಅಂಥ ಮೂರು ಕಾರು ಮಾಡಿದ.

ರೋಲ್ಸ್ ಮತ್ತು ರಾಯ್ಸ್ ಒಬ್ಬನೇ ಎಂದುಕೊಂಡವರು ತುಂಬ ಜನ ಇದ್ದಾರೆ. ಚಾರ್ಲ್ಸ್ ರೋಲ್ಸ್ ಬೇರೆ. ಪ್ರಭುವಿನ ಮಗ, ಈಟನ್ ಶಾಲೆ, ಕೇಂಬ್ರಿಜ್ ಪದವಿ, ಲಂಡನ್ನಿನಲ್ಲಿ ವಿದೇಶಿ ಕಾರುಗಳ ಮಾರಾಟ. ಇಂಗ್ಲೆಂಡಿನದೇ ಒಳ್ಳೆಯ ಕಾರು ಸಿಗುವುದಿಲ್ಲ ಎಂಬುದು ಅವನ ಕೊರಗು. ಇಬ್ಬರಿಗೂ ಪರಿಚಯವಿದ್ದ ಹೆನ್ರಿ ಎಡ್ಮಂಡ್ಸ್ ಭೇಟಿ ಏರ್ಪಡಿಸಿದ. 1904ರ ಮೇ 4ರಂದು ಮ್ಯಾಂಚೆಸ್ಟರ್‌ನ ಮಿಡ್‌ಲ್ಯಾಂಡ್ ಹೋಟೆಲ್‌ನಲ್ಲಿ ಇಬ್ಬರೂ ಎದುರುಬದುರು ಕುಳಿತರು. ಕಾರಿನಲ್ಲಿ ಕುಳಿತು ನೋಡಿದ ರೋಲ್ಸ್, ನೀನು ಮಾಡಿದ್ದನ್ನೆಲ್ಲ ನಾನು ಮಾರುತ್ತೇನೆ ಎಂದು ಒಪ್ಪಿಕೊಂಡ. 1906ರ ಮಾರ್ಚ್‌ನಲ್ಲಿ ರೋಲ್ಸ್ ರಾಯ್ಸ್ ಲಿಮಿಟೆಡ್ ಹುಟ್ಟಿತು. ಕಂಪನಿಯ ವ್ಯವಹಾರ, ಪ್ರಚಾರ ನೋಡಿಕೊಂಡವನು ಕ್ಲಾಡ್ ಜಾನ್ಸನ್. ಎರಡು ಹೆಸರುಗಳ ನಡುವಿನ ಅಡ್ಡಗೆರೆ ಇವನೇ ಎಂದು ಜನ ತಮಾಷೆ ಮಾಡುತ್ತಿದ್ದರು.

ಹಾಗಾದರೆ ಆ ಕಾರು ಅಷ್ಟು ನಿಶ್ಶಬ್ದವಾಗಿದ್ದು ಹೇಗೆ? ಮಂತ್ರವೇನಿಲ್ಲ. ಆರು ಸಿಲಿಂಡರ್ ಎಂಜಿನ್‌ನಲ್ಲಿ ಕ್ರ್ಯಾಂಕ್‌ಶಾಫ್ಟ್ ಎಂಬ ಉದ್ದನೆಯ ಉಕ್ಕಿನ ದಂಡ ಇರುತ್ತದೆ. ಒಂದೊಂದು ಸಿಲಿಂಡರ್ ಸಿಡಿದಾಗಲೂ ಅದಕ್ಕೆ ಒಂದೊಂದು ಕಡೆಯಿಂದ ತಿರುಚು ಬೀಳುತ್ತದೆ. ಒದ್ದೆ ಬಟ್ಟೆ ಹಿಂಡಿದಂತೆ ಅದು ಹಿಂದೆ ಮುಂದೆ ತಿರುಚಿಕೊಂಡು ನಡುಗುತ್ತದೆ, ಕೆಲವೊಮ್ಮೆ ಮುರಿದೇ ಹೋಗುತ್ತದೆ. ರಾಯ್ಸ್‌ನ ಮೊದಲ ಆರು ಸಿಲಿಂಡರ್ ಕಾರಿನಲ್ಲೂ ಮುರಿಯಿತು. ಹಾಗಾಗಿ ಮುಂದಿನ 40/50 ಅಶ್ವಶಕ್ತಿಯ ಎಂಜಿನ್‌ಗೆ ದಪ್ಪನೆಯ ದಂಡ ಹಾಕಿ, ಏಳು ಕಡೆ ಬೇರಿಂಗ್ ಆಧಾರ ಕೊಟ್ಟು, ಒತ್ತಡದಲ್ಲಿ ಎಣ್ಣೆ ಹರಿಯುವಂತೆ ಮಾಡಿದ. ಚಾಸಿಸ್‌ಗೆ ರಿವೆಟ್ ಬಡಿಯುವ ಬದಲು, ಒಂದೊಂದು ತೂತನ್ನೂ ಅಳತೆಗೆ ಕೊರೆದು ಚೂಪಾಗುತ್ತಾ ಹೋಗುವ ಬೋಲ್ಟ್ ಕೂರಿಸಿದ. ರಿವೆಟ್ ವರ್ಷಗಳಲ್ಲಿ ಸಡಿಲವಾಗಿ ಕಿರುಗುಟ್ಟುತ್ತದೆ, ಬೋಲ್ಟ್ ಬಿಗಿಯಾಗಿಯೇ ಇರುತ್ತದೆ. ದುಬಾರಿ ಆಗಿದ್ದು ಇದರಿಂದ. ಚಿನ್ನ, ವಜ್ರ ಎಲ್ಲ ಆಮೇಲೆ ಬಂದ ಗಿರಾಕಿಗಳ ಶೋಕಿ.

ಈ ಮಾದರಿಯ ಒಂದು ಬೆಳ್ಳಿ ಬಣ್ಣದ ಕಾರಿಗೆ ಜಾನ್ಸನ್ ಸಿಲ್ವರ್ ಘೋಸ್ಟ್ ಎಂದು ಹೆಸರಿಟ್ಟ. 1907ರಲ್ಲಿ ಅದನ್ನು ಲಂಡನ್ ಮತ್ತು ಗ್ಲಾಸ್ಗೋ ನಡುವೆ ಮತ್ತೆ ಮತ್ತೆ ಓಡಿಸಿ 14,000 ಮೈಲಿಗೂ ಹೆಚ್ಚು ಸಾಗಿಸಿದರು. ಅರ್ಧ ದಾರಿಯಲ್ಲಿ ಕಾರು ನಿಲ್ಲುವುದೇ ಸಾಮಾನ್ಯವಾಗಿದ್ದ ಕಾಲ ಅದು. ಈ ಬ್ರ್ಯಾಂಡಿನ ಹೆಸರು ಇಂದಿಗೂ ನಿಂತಿರುವುದು ಆ ರಸ್ತೆಯ ಮೇಲೆ.

ಮೂರು ತಿಂಗಳು ಎಂದವರು

1910ರ ಜುಲೈ 12ರಂದು ರೋಲ್ಸ್ ವಿಮಾನ ಅಪಘಾತದಲ್ಲಿ ಸತ್ತ, 32ನೇ ವಯಸ್ಸಿಗೆ. ಜೊತೆಗಾರಿಕೆ ಆರೇ ವರ್ಷ. ಮರುವರ್ಷ ರಾಯ್ಸ್ ತೀವ್ರ ಕಾಯಿಲೆ ಬಿದ್ದ. 1912ರಲ್ಲಿ ಕರುಳಿನ ದೊಡ್ಡ ಶಸ್ತ್ರಚಿಕಿತ್ಸೆ ಆಯಿತು. ಬದುಕುವುದು ಹೆಚ್ಚೆಂದರೆ ಕೆಲವು ತಿಂಗಳು ಎಂಬುದು ವೈದ್ಯರ ಅಂದಾಜು. ಅದೇ ವರ್ಷ ಗಂಡ ಹೆಂಡತಿ ಬೇರೆಯಾದರು. ಎಥೆಲ್ ಆಬಿನ್ ಎಂಬ ನರ್ಸ್ ಕೊನೆಯವರೆಗೂ ಅವನನ್ನು ನೋಡಿಕೊಂಡಳು. ಊಟ, ನಿದ್ದೆ ಹೊತ್ತಿಗೆ ಸರಿಯಾಗಿ ಆಗುವಂತೆ ನೋಡಿಕೊಂಡವಳು ಅವಳೇ. ಆ ಕೆಲವು ತಿಂಗಳು 21 ವರ್ಷವಾಯಿತು. ಛಲವಿದ್ದರೆ ಕಾಯಿಲೆ ಓಡುತ್ತದೆ ಎಂದು ಇದಕ್ಕೆ ಬಣ್ಣ ಹಚ್ಚುವುದು ಬೇಡ. ಶಸ್ತ್ರಚಿಕಿತ್ಸೆ, ಆರೈಕೆ, ವಿಶ್ರಾಂತಿ, ಅದನ್ನೆಲ್ಲ ಕೊಡಿಸುವಷ್ಟು ಕಂಪನಿಯ ದುಡ್ಡು, ಎಲ್ಲವೂ ಇದ್ದವು. ಅವನ ತಂದೆಗೆ ಇವು ಯಾವುದೂ ಇರಲಿಲ್ಲ.

ಅಂದಿನಿಂದ ರಾಯ್ಸ್ ಡರ್ಬಿಯ ಕಾರ್ಖಾನೆಯಲ್ಲಿ ಕೆಲಸ ಮಾಡಲಿಲ್ಲ. ಚಳಿಗಾಲ ದಕ್ಷಿಣ ಫ್ರಾನ್ಸಿನಲ್ಲಿ, ಉಳಿದ ಸಮಯ ಇಂಗ್ಲೆಂಡಿನ ಕಡಲತೀರದಲ್ಲಿ, ಕೊನೆಗೆ ವೆಸ್ಟ್ ವಿಟರಿಂಗ್ ಎಂಬ ಹಳ್ಳಿಯಲ್ಲಿ. ಎಂಜಿನಿಯರ್‌ಗಳೇ ಅವನ ಮನೆ ಪಕ್ಕ ಬಂದು ಉಳಿದು ನಕ್ಷೆ ಬಿಡಿಸಿ ಕಾರ್ಖಾನೆಗೆ ಕಳಿಸುತ್ತಿದ್ದರು. ಇವತ್ತಿನ ವರ್ಕ್ ಫ್ರಮ್ ಹೋಮ್ ಅಂದರೂ ತಪ್ಪಿಲ್ಲ. ಬಿಡುವಿನಲ್ಲಿ ಗುಲಾಬಿ ಬೆಳೆಸುತ್ತಿದ್ದ, ಅದರಲ್ಲೂ ಅದೇ ಹಟ.

ಮೊದಲ ಮಹಾಯುದ್ಧ ಬಂದಾಗ ಈಗಲ್ ಎಂಬ ವಿಮಾನ ಎಂಜಿನ್ ವಿನ್ಯಾಸ ಮಾಡಿದ. 1919ರಲ್ಲಿ ಆಲ್ಕಾಕ್ ಮತ್ತು ಬ್ರೌನ್ ಎಲ್ಲೂ ಇಳಿಯದೆ ಅಟ್ಲಾಂಟಿಕ್ ದಾಟಿದ ವಿಮಾನದಲ್ಲಿದ್ದವು ಎರಡು ಈಗಲ್ ಎಂಜಿನ್. 1931ರಲ್ಲಿ ಷ್ನೈಡರ್ ಟ್ರೋಫಿ ಗೆದ್ದ ವಿಮಾನದ ಎಂಜಿನ್ ಕೂಡ ಅವನ ತಂಡದ್ದೇ. ಅದೇ ವಿಮಾನ ಕೆಲವು ದಿನಗಳಲ್ಲೇ ಗಂಟೆಗೆ 400 ಮೈಲಿ ಮೀರಿದ ವಿಶ್ವದಾಖಲೆ ಮಾಡಿತು. 1930ರಲ್ಲಿ ಸರ್ಕಾರ ಬ್ಯಾರೊನೆಟ್ ಪದವಿ ಕೊಟ್ಟಿತು. ಅವನಿಗೆ ಮಕ್ಕಳಿರಲಿಲ್ಲ, ಹಾಗಾಗಿ ಪದವಿ ಅವನೊಂದಿಗೇ ಮುಗಿಯಿತು.

1933ರ ಏಪ್ರಿಲ್ 22ರಂದು, 70ನೇ ವಯಸ್ಸಿನಲ್ಲಿ, ರಾಯ್ಸ್ ವೆಸ್ಟ್ ವಿಟರಿಂಗ್‌ನ ಮನೆಯಲ್ಲಿ ತೀರಿಕೊಂಡ. ಇಲ್ಲೂ ಒಂದು ಫಾರ್ವರ್ಡ್ ಇದೆ: ಕಾರಿನ ಮುಂದಿನ ಎರಡು ಆರ್ ಅಕ್ಷರಗಳು ಮೊದಲು ಕೆಂಪಾಗಿದ್ದವು, ರಾಯ್ಸ್ ಸತ್ತ ಶೋಕಕ್ಕೆ ಕಪ್ಪು ಮಾಡಿದರು ಎಂದು. ಬಣ್ಣ ಬದಲಾದದ್ದು ಸುಮಾರು ಆಗಲೇ, ಆದರೆ ತೀರ್ಮಾನ ಅವನು ಬದುಕಿದ್ದಾಗಲೇ ಆಗಿತ್ತು. ಗಿರಾಕಿಗಳು ಆರಿಸುವ ಕೆಲವು ಬಾಡಿ ಬಣ್ಣಗಳಿಗೆ ಕೆಂಪು ಹೊಂದುತ್ತಿರಲಿಲ್ಲ, ಅಷ್ಟೇ ಕಾರಣ.

ಅವನು ಬದುಕಿದ್ದಾಗ ಶುರುವಾಗಿದ್ದ ಇನ್ನೊಂದು ಎಂಜಿನ್ ಅದೇ ವರ್ಷ ಅಕ್ಟೋಬರ್‌ನಲ್ಲಿ ಮೊದಲ ಬಾರಿ ಚಾಲೂ ಆಯಿತು. ಅದೇ ಮುಂದೆ ಮರ್ಲಿನ್ ಆಗಿ, 1940ರಲ್ಲಿ ಬ್ರಿಟನ್ನಿನ ಆಕಾಶ ಕಾಯ್ದ ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳಲ್ಲಿ ಕೂತಿತು.

ಕಂಪನಿ 1971ರಲ್ಲಿ ದಿವಾಳಿಯಾಯಿತು, ಕಾರಣ ಕಾರಲ್ಲ, ಹೊಸ ಜೆಟ್ ಎಂಜಿನ್ ಒಂದರ ಮಿತಿಮೀರಿದ ಖರ್ಚು. ಆಮೇಲೆ ಕಾರು ಮತ್ತು ವಿಮಾನ ಎಂಜಿನ್ ಬೇರೆ ಬೇರೆ ಕಂಪನಿಗಳಾದವು. ನಮ್ಮ ವಾಯುಪಡೆಯ ಜಾಗ್ವಾರ್ ವಿಮಾನಗಳ ಅಡೋರ್ ಎಂಜಿನ್ ಅನ್ನು ಬೆಂಗಳೂರಿನ ಎಚ್‌ಎಎಲ್ ಲೈಸೆನ್ಸ್ ಪಡೆದು ತಯಾರಿಸಿತಲ್ಲ, ಅದರಲ್ಲಿ ಪಾಲುದಾರ ಎರಡನೆಯ ಈ ರೋಲ್ಸ್ ರಾಯ್ಸ್. ಕಾರು ಕಂಪನಿ ಈಗ ಬಿಎಂಡಬ್ಲ್ಯು ಕೈಯಲ್ಲಿದೆ. 2003ರಿಂದ ಕಾರುಗಳು ತಯಾರಾಗುತ್ತಿರುವ ಗುಡ್‌ವುಡ್, ರಾಯ್ಸ್ ಕೊನೆಯುಸಿರೆಳೆದ ಮನೆಯಿಂದ ಕೆಲವೇ ಮೈಲಿ ದೂರ.

ಅವನ ಚಿತಾಭಸ್ಮ ಇರುವುದು ಮಾತ್ರ ಅಲ್ಲಲ್ಲ. ತಂದೆಯ ಗಿರಣಿ ಮುಚ್ಚಿದ ಆಲ್ವಾಲ್ಟನ್ ಹಳ್ಳಿಯ ಸಣ್ಣ ಚರ್ಚಿನಲ್ಲಿ.