ಮಗಳ ಕೈ ಉಳಿಸಿದ ಕೆಂಪು ಬಣ್ಣ

ಲ್ಯಾಬಲ್ಲಿ ಟೈಟ್ರೇಷನ್‌ಗೆ ಹಾಕೋ ಮೀಥೈಲ್ ಆರೆಂಜ್ ಒಂದು ಅಜೋ ಬಣ್ಣ. ಎರಡು ನೈಟ್ರೋಜನ್ ಪರಮಾಣುಗಳ ಜೋಡಿಬಂಧ ಅದರ ಬೆಂಜೀನ್ ಉಂಗುರಗಳನ್ನು ಕೂಡಿಸಿರುತ್ತೆ. ಅದೇ ಜಾತಿಯ ಇನ್ನೊಂದು ಬಣ್ಣ ಔಷಧವಾಗುತ್ತೆ ಅಂತ ತೋರಿಸಿದವರು ಜರ್ಮನಿಯ ಗೆರ್ಹಾರ್ಡ್ ಡೊಮಾಕ್.

1895ರಲ್ಲಿ ಹುಟ್ಟಿದ ಡೊಮಾಕ್, ವೈದ್ಯಕೀಯ ಓದು ಬಿಟ್ಟು ಮೊದಲ ಮಹಾಯುದ್ಧಕ್ಕೆ ಹೋದರು. ಗಾಯ ಕೊಳೆತು ಸಾಯೋ ಸೈನಿಕರನ್ನ ಹತ್ತಿರದಿಂದ ಕಂಡರು. ಮುಂದೆ ಬಯರ್ ಪ್ರಯೋಗಾಲಯದಲ್ಲಿ, ಕ್ಲಾರರ್ ಮತ್ತು ಮೀಚ್ ತಯಾರಿಸಿಕೊಟ್ಟ ಬಣ್ಣಗಳನ್ನು ಒಂದೊಂದಾಗಿ ಇಲಿಗಳ ಮೇಲೆ ಪರೀಕ್ಷಿಸಿದರು. 1932ರ ಕೊನೆಗೆ, ಪ್ರೊಂಟೊಸಿಲ್ ಎಂಬ ಕೆಂಪು ಬಣ್ಣ ಕೊಟ್ಟ ಇಲಿಗಳು ಸ್ಟ್ರೆಪ್ಟೊಕಾಕಸ್ ಸೋಂಕಿನಿಂದ ಬದುಕಿಕೊಂಡವು. ತಮಾಷೆ ಅಂದ್ರೆ, ಗಾಜಿನ ನಳಿಕೆಯಲ್ಲಿ ಅದೇ ಬಣ್ಣ ಬ್ಯಾಕ್ಟೀರಿಯಾಕ್ಕೆ ಏನೂ ಮಾಡ್ತಿರಲಿಲ್ಲ!

ಪುಟ್ಟ ಮಗಳು ಹಿಲ್ಡೆಗಾರ್ಡ್ ಕೈಗೆ ಸೂಜಿ ಚುಚ್ಚಿ ನಂಜೇರಿತು. ವೈದ್ಯರು ಕೈ ಕತ್ತರಿಸೋ ಮಾತಾಡಿದರು. ಡೊಮಾಕ್ ತಮ್ಮ ಕೆಂಪು ಮದ್ದನ್ನೇ ಕೊಟ್ಟರು. ಕೈಯೂ ಉಳೀತು, ಮಗಳೂ ಉಳಿದಳು.

1935ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯವರು ಗುಟ್ಟು ಬಿಡಿಸಿದರು: ದೇಹದೊಳಗೆ ಅಜೋ ಬಂಧ ಮುರಿದು ಸಲ್ಫನಿಲಮೈಡ್ ಹೊರಬರುತ್ತೆ, ಕೆಲಸ ಮಾಡೋದು ಅದು. ಅದಕ್ಕೆ ಬಣ್ಣವೇ ಇಲ್ಲ. 1908ರಲ್ಲೇ ತಯಾರಾಗಿದ್ದ ವಸ್ತು, ಯಾರು ಬೇಕಾದ್ರೂ ಅಗ್ಗವಾಗಿ ಮಾಡಬಹುದಿತ್ತು.

1939ರಲ್ಲಿ ಡೊಮಾಕ್‌ಗೆ ನೊಬೆಲ್ ಬಂತು. ಹಿಟ್ಲರ್ ಸರ್ಕಾರ ಅವರನ್ನು ಬಂಧಿಸಿ, ಬಹುಮಾನ ಬೇಡವೆಂದು ಬರೆಸಿಕೊಂಡಿತು. 1947ರಲ್ಲಿ ಪದಕವೇನೋ ಕೈಸೇರಿತು. ಹಣ ಅಷ್ಟರಲ್ಲಿ ನೊಬೆಲ್ ನಿಧಿಗೆ ವಾಪಸ್ ಹೋಗಿತ್ತು.