ಬೀಜದ ಗುಟ್ಟನ್ನು ಅರಿತ ಸನ್ಯಾಸಿ

ಅಂದು ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದು ಇಂದು ಚೆಕ್ ಗಣರಾಜ್ಯದಲ್ಲಿರುವ ಹೈನ್ಜೆನ್‌ಡಾರ್ಫ್ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ 1822ರಲ್ಲಿ ಯೋಹಾನ್ ಮೆಂಡೆಲ್ ಜನಿಸಿದರು. ತಂದೆ ಆಂಟನ್ ವಾರದಲ್ಲಿ ಮೂರು ದಿನ ಜಮೀನ್ದಾರನಿಗೆ ಬಿಟ್ಟಿ ದುಡಿಯಬೇಕಾಗಿತ್ತು. ಊರಿನ ವಿಚಾರಣಾ ಗುರುಗಳಾಗಿದ್ದ ಶ್ರೈಬರ್ ಅವರು ಹಣ್ಣಿನ ಗಿಡಗಳನ್ನು ಬೆಳೆಸುವ ವಿದ್ಯೆಯನ್ನು ಮಕ್ಕಳಿಗೆ ಕಲಿಸುತ್ತಿದ್ದರು. ಯೋಹಾನನ ಪ್ರತಿಭೆಯನ್ನು ಗುರುತಿಸಿದವರಲ್ಲಿ ಅವರೂ ಒಬ್ಬರು.

ಓದಿಗಾಗಿ ಪಟ್ಟಣ ಸೇರಿದ ಬಾಲಕನಿಗೆ ಹಸಿವೇ ಸಂಗಾತಿಯಾಯಿತು. ಹೆತ್ತವರು ಭರಿಸಬಲ್ಲವರಾಗಿದ್ದುದು ಅರ್ಧ ಊಟದ ಖರ್ಚನ್ನು ಮಾತ್ರ. 1838ರಲ್ಲಿ ಮರದ ದಿಮ್ಮಿ ಬಿದ್ದು ತಂದೆ ಗಾಯಗೊಂಡ ಮೇಲೆ ಅದೂ ಕಷ್ಟವಾಯಿತು. ಅರೆಹೊಟ್ಟೆಯ ಬದುಕಿನಿಂದ ಅವರು ಕಾಯಿಲೆ ಬಿದ್ದರು. ತಂಗಿ ತೆರೇಸಿಯಾ ತನ್ನ ವರದಕ್ಷಿಣೆಯ ಪಾಲಿನಿಂದ ನೀಡಿದ ಹಣವೇ ತತ್ವಶಾಸ್ತ್ರದ ವ್ಯಾಸಂಗಕ್ಕೆ ಆಸರೆಯಾಯಿತು.

1843ರಲ್ಲಿ ಅವರು ಬ್ರನೋ ನಗರದ ಸಂತ ತೋಮಸರ ಮಠವನ್ನು ಪ್ರವೇಶಿಸಿ, ಅಗಸ್ಟಿನ್ ಸಭೆಯಲ್ಲಿ ಗ್ರೆಗೊರ್ ಎಂಬ ಹೆಸರನ್ನು ಪಡೆದರು. 1847ರಲ್ಲಿ ಗುರುದೀಕ್ಷೆಯಾಯಿತು. ರೋಗಿಗಳ ನರಳಾಟವನ್ನು ಕಂಡು ತಾಳಲಾರದ ಮೃದು ಮನಸ್ಸಿನವರಾಗಿದ್ದರಿಂದ ಅವರನ್ನು ಬೋಧನೆಗೆ ಕಳುಹಿಸಲಾಯಿತು. ಶಿಕ್ಷಕರ ಪರೀಕ್ಷೆಗೆ ಎರಡು ಬಾರಿ ಕುಳಿತರೂ ಅವರು ತೇರ್ಗಡೆಯಾಗಲಿಲ್ಲ.

ಆದರೆ 1856ರಿಂದ 1863ರವರೆಗೆ ಮಠದ ತೋಟದಲ್ಲಿ ಸಾವಿರಾರು ಬಟಾಣಿ ಗಿಡಗಳನ್ನು ಬೆಳೆಸಿ, ಎಣಿಸಿ, ಅವರು ಒಂದು ಸತ್ಯವನ್ನು ಕಂಡುಕೊಂಡರು. ಎತ್ತರದ ಗಿಡವನ್ನು ಗಿಡ್ಡ ಗಿಡದೊಡನೆ ಸಂಕರಗೊಳಿಸಿದರೆ ಮೊದಲ ಪೀಳಿಗೆಯಲ್ಲಿ ಎಲ್ಲವೂ ಎತ್ತರ. ಮುಂದಿನ ಪೀಳಿಗೆಯಲ್ಲಿ ಸುಮಾರು ಮೂರು ಎತ್ತರಕ್ಕೆ ಒಂದು ಗಿಡ್ಡ. ಮರೆಯಾದ ಗುಣವು ನಾಶವಾಗಿರುವುದಿಲ್ಲ. 1866ರಲ್ಲಿ ಪ್ರಕಟವಾದ ಈ ಸಂಶೋಧನೆಯ ಮಹತ್ವವನ್ನು ಅಂದು ಯಾರೂ ಅರಿಯಲಿಲ್ಲ. 1868ರಲ್ಲಿ ಮಠಾಧಿಪತಿಯಾದ ಮೆಂಡೆಲ್ 1884ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ನಿಧನರಾದರು. ಅವರ ನಿಯಮಗಳು ಬೆಳಕಿಗೆ ಬಂದದ್ದು 1900ರಲ್ಲಿ.

1960ರ ದಶಕದಲ್ಲಿ ಭಾರತದ ಹಸಿವನ್ನು ತಗ್ಗಿಸಿದ ಗಿಡ್ಡ ಗೋಧಿ ತಳಿಗಳ ಹಿಂದೆ ಇದೇ ಜ್ಞಾನವಿದೆ. ಇಂದಿನ ಕುಲಾಂತರಿ ಬೆಳೆಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿವೆ. ಮೆಂಡೆಲ್ ಬಟಾಣಿಗೆ ಬಟಾಣಿಯನ್ನೇ ಕೂಡಿಸಿದರು. ‘ಬಂಗಾರದ ಅಕ್ಕಿ’ಯಲ್ಲಿ ಮುಸುಕಿನ ಜೋಳದ ಮತ್ತು ಬ್ಯಾಕ್ಟೀರಿಯಾದ ಜೀನ್‌ಗಳಿವೆ. ‘ಎ’ ಜೀವಸತ್ವದ ಕೊರತೆಯಿಂದ ಕುರುಡಾಗುವ ಬಡ ಮಕ್ಕಳನ್ನು ರಕ್ಷಿಸುವುದು ಅದರ ಉದ್ದೇಶ. ಬಡ ರೈತರು ಹೆಚ್ಚಿನ ಬೆಲೆ ತೆರದೆ ಬೆಳೆದು, ಬೀಜ ಉಳಿಸಿಕೊಳ್ಳಬಹುದೆಂದು ಅದರ ನಿರ್ಮಾತೃಗಳು ಏರ್ಪಾಡು ಮಾಡಿದರು. ಫಿಲಿಪ್ಪೀನ್ಸ್ ದೇಶವು 2021ರಲ್ಲಿ ಅದನ್ನು ಬೆಳೆಯಲು ಅನುಮತಿ ನೀಡಿತು. ಸುರಕ್ಷತೆಯ ಪ್ರಶ್ನೆಯ ಮೇಲೆ 2024ರಲ್ಲಿ ಅಲ್ಲಿನ ನ್ಯಾಯಾಲಯವು ತಡೆಯಿತು. ಎರಡೂ ಕಡೆ ಪ್ರಾಮಾಣಿಕರಿದ್ದಾರೆ.

ಪೋಪ್ ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರದಲ್ಲಿ ಕುಲಾಂತರಿ ಬೆಳೆಗಳನ್ನು ಸಾರಾಸಗಟಾಗಿ ಖಂಡಿಸಲಿಲ್ಲ, ಹೊಗಳಲೂ ಇಲ್ಲ. ಭೂಮಿ ಕೆಲವರ ಕೈ ಸೇರಿ ಸಣ್ಣ ರೈತರು ನೆಲೆ ಕಳೆದುಕೊಳ್ಳುವ ಅಪಾಯವನ್ನು ತೋರಿಸಿದರು. ಆದ್ದರಿಂದ ಹೊಸ ಬೀಜವೊಂದು ಬಂದಾಗ ನಾವು ಕೇಳಬೇಕಾದ ಪ್ರಶ್ನೆಗಳು ಎರಡು: ಅದು ಸುರಕ್ಷಿತವೇ? ಅದರ ಒಡೆತನ ಯಾರದು? ಅರ್ಧ ಊಟದಲ್ಲಿ ಓದಿದ ಆ ಸನ್ಯಾಸಿ ತಾನು ಕಂಡ ನಿಯಮಕ್ಕೆ ಬೆಲೆ ಕಟ್ಟಲಿಲ್ಲ. ಊಟಕ್ಕೆ ಮುಂಚೆ ಪ್ರಾರ್ಥಿಸುವಾಗ ಬಿತ್ತಿದವರನ್ನೂ, ಅನ್ನವಿಲ್ಲದವರನ್ನೂ ನೆನೆಯೋಣ.